‘ಈ’ ಅಂದರೆ ಯಾವ ಬಾಗಿಲು?

ಬಿಸ್ಕತ್ತು ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಬೀಗದಕ್ಕ ಎಂದು. ಅಪ್ಪ ಬೀಗ ರಿಪೇರಿಯವನು. ಒಂದು ತಂತಿ ತುಂಡಿನಿಂದ ಎಂಥ ಬಾಗಿಲನ್ನೂ ಒಲಿಸಿಕೊಳ್ಳುತ್ತಿದ್ದ. ಮಗಳು ಸಂಜೆ ಕ್ಲಾಸಿನಲ್ಲಿ ಪ್ರೋಗ್ರಾಮಿಂಗ್ ಕಲಿತಳು. ಇಲ್ಲಿ ಕೆಲಸ ಸಿಕ್ಕಿದ್ದು ಮೂರು ತಿಂಗಳ ಪರೀಕ್ಷೆಯ ಮೇಲೆ; ಆ ಪರೀಕ್ಷೆಗೆ ಇವತ್ತು ಕೊನೆಯ ದಿನ. ಬಟ್ಟೆ ಬದಲಿಸುವ ಕೋಣೆಯ ಹನ್ನೆರಡು ಕಪಾಟುಗಳು ಗುಂಡಿ ಒತ್ತಿದರೆ ತೆರೆಯಬೇಕು. ಹತ್ತು ಗಂಟೆಗೆ ಮ್ಯಾನೇಜರ್ ಬಂದು ನೋಡುತ್ತಾರೆ. ಮೆಚ್ಚಿದರೆ ಕಾಯಂ, ಇಲ್ಲವೆಂದರೆ ಮನೆ.

ಒಂಬತ್ತಕ್ಕೆ ಪ್ಯಾಕಿಂಗಿನ ಹನ್ನೊಂದು ಹೆಂಗಸರು ಬಂದರು. ಒಬ್ಬಳು ಒಂದನೇ ಗುಂಡಿ ಒತ್ತಿದಳು. ಹನ್ನೆರಡನೆಯ ಬಾಗಿಲು ತೆರೆಯಿತು. ಐದು ಒತ್ತಿದರೂ ಹನ್ನೆರಡು, ಒಂಬತ್ತು ಒತ್ತಿದರೂ ಹನ್ನೆರಡು. ಅದು ಮ್ಯಾನೇಜರರ ಕಪಾಟು. ಒಳಗೆ ಗಿಳಿಯ ಕಸೂತಿ ಹಾಕಿದ ದಿಂಬು, ಒಂದು ಕಂಬಳಿ. ‘ಕೆಲಸದ ಹೊತ್ತಿನಲ್ಲಿ ಆಕಳಿಸುವುದೂ ಕಳ್ಳತನ’ ಎಂದು ಗೋಡೆಯ ಮೇಲೆ ಬರೆಸಿದವರು ಇವರೇ.

“ಅಯ್ಯೋ, ಗಿಳಿ ಮೇಲೆ ಜೊಲ್ಲು ಬೇರೆ ಸುರಿದಿದೆ ಕಣ್ರೇ!”

ನಕ್ಕು ನಕ್ಕು ಸುಸ್ತಾದ ಮೇಲೆ, ತೂಕದ ಯಂತ್ರದ ಬಳಿ ಕೂರುವ ಚಿಕ್ಕಮ್ಮ ಕೇಳಿದಳು, “ಆ ಕಂಪ್ಯೂಟರಿಗೆ ಏನಂತ ಹೇಳಿದ್ಯೇ ನೀನು?”

“ಪ್ರೋಗ್ರಾಮಿನೊಳಗೆ ಗುಂಡಿಗೊಬ್ಬ ಹೆಸರಿಲ್ಲದ ಆಳು ಇದಾನೆ ಅಂದ್ಕೊಳ್ಳಿ, ಚಿಕ್ಕಮ್ಮ. ಒಂದರಿಂದ ಹನ್ನೆರಡರ ತನಕ ಬೆರಳಿಡ್ತಾ ಹೋದೆ. ಗುಂಡಿ ಒತ್ತಿದಾಗ ಈ ಬಾಗಿಲು ತೆಗಿ ಅಂತ ಎಲ್ಲರಿಗೂ ಹೇಳ್ದೆ.”

“‘ಈ’ ಅಂದ್ರೆ ಯಾವ್ದು?”

“ಬೆರಳಿರೋದು.”

“ಅವನು ತೆಗೆಯೋ ಹೊತ್ತಿಗೆ ನಿನ್ನ ಬೆರಳು ಎಲ್ಲಿರತ್ತೆ, ಮಹಾರಾಯ್ತಿ?”

ಬೀಗದಕ್ಕ ಹಣೆ ಚಚ್ಚಿಕೊಂಡಳು. ಬೆರಳು ಹನ್ನೆರಡರ ಮೇಲೆಯೇ ನಿಂತುಬಿಟ್ಟಿತ್ತು. ಅವಳು ಹೇಳಿದಾಗ ಬೆರಳಿದ್ದ ಸಂಖ್ಯೆಯನ್ನು ಆಳುಗಳು ನೆನಪಿಟ್ಟಿರಲಿಲ್ಲ. ಗುಂಡಿ ಒತ್ತಿದ ಗಳಿಗೆಯಲ್ಲಿ ತಲೆಯೆತ್ತಿ ಬೆರಳನ್ನು ನೋಡುತ್ತಿದ್ದರು.

“ಇವತ್ತೊಂದಿನ ಹೀಗೇ ಬಿಡೇ, ಪುಣ್ಯ ಬರತ್ತೆ,” ಎಂದಳು ಗಿಳಿ ನೋಡಿ ನಕ್ಕವಳೊಬ್ಬಳು.

“ಪುಣ್ಯ ನಿಮಗೆ, ಮನೆ ದಾರಿ ನನಗೆ,” ಎಂದು ಅವಳು ಕೀಲಿಮಣೆಗೆ ಬಾಗಿದಳು. ಹೇಳುವಾಗಲೇ ಪ್ರತಿಯೊಬ್ಬ ಆಳಿನ ಕೈಗೂ ಅವನವನ ಸಂಖ್ಯೆಯ ಚೀಟಿ ಕೊಟ್ಟಳು. ಇಷ್ಟಕ್ಕೆ ಪ್ರೋಗ್ರಾಮಿನಲ್ಲಿ ಒಂದೇ ಸಾಲು ಸಾಕಾಯಿತು.

ಹತ್ತಕ್ಕೆ ಮ್ಯಾನೇಜರ್ ಬಂದರು. ಐದು ಒತ್ತಿದರೆ ಐದು, ಒಂಬತ್ತು ಒತ್ತಿದರೆ ಒಂಬತ್ತು. ಕೊನೆಗೆ ತಮ್ಮದನ್ನು ಒತ್ತಿ, ಬಾಗಿಲನ್ನು ಒಂದಂಗುಲ ಸರಿಸಿ ಇಣುಕಿದರು. ಕಂಬಳಿಯನ್ನು ಯಾರೋ ನಾಲ್ಕು ಮೂಲೆ ಸೇರಿಸಿ ನೀಟಾಗಿ ಮಡಿಸಿದ್ದರು.

“ಇದನ್ನ ಎಷ್ಟು ಜನ ನೋಡಿದ್ರು?” ಎಂದರು, ಬಲು ಮೆಲ್ಲಗೆ.

“ಎಲ್ಲರೂ ಸರ್. ಬೆಳಿಗ್ಗೆ ಯಾವ ಗುಂಡಿ ಒತ್ತಿದ್ರೂ ನಿಮ್ಮದೇ ತೆಗೀತಿತ್ತು. ಈಗ ಸರಿ ಮಾಡಿದೀನಿ.”

“ಮತ್ತೆ ಕೆಟ್ಟರೆ? ಸರಿ ಮಾಡೋಕೆ ಯಾರಿಗೆ ಬರತ್ತೆ?”

“ನನಗೊಬ್ಬಳಿಗೇ ಸರ್.”

ಮ್ಯಾನೇಜರ್ ನಿಂತಲ್ಲೇ ಅವಳ ಕಾಯಂ ಪತ್ರ ಬಿಚ್ಚಿ, ಪೆನ್ನಿಗಾಗಿ ಜೇಬು ತಡಕಿದರು.