ಗೌರಮ್ಮ ಬ್ಯಾಕ್‌ಗ್ರೌಂಡ್ ಅಲ್ಲ

ಕ್ಲಿಕ್ ಎಂದಿತು ಫೋನು. "ಪೋರ್ಟ್ರೇಟ್ ಮೋಡ್ ಆಂಟಿ! ಬ್ಯಾಕ್‌ಗ್ರೌಂಡ್ ಸೂಪರಾಗಿ ಬ್ಲರ್ ಆಗಿದೆ" ಎಂದಳು ಪಕ್ಕದ ಫ್ಲ್ಯಾಟಿನ ಹುಡುಗಿ. ಫೋಟೋದಲ್ಲಿ ನನ್ನ ಬಿಳಿಕೂದಲು ಒಂದೊಂದೂ ಸ್ಪಷ್ಟ. ಹಿಂದೆ ನಿಂತಿದ್ದ ಗೌರಮ್ಮನಿಗೆ ಮಾತ್ರ ಮುಖವೇ ಇಲ್ಲ. ಹನ್ನೊಂದು ವರ್ಷ ನನಗೆ ಅಡುಗೆ ಮಾಡಿದವಳು, ಪಟ್ಟಂದೂರು ಅಗ್ರಹಾರದ ಬಾಡಿಗೆಮನೆ ಖಾಲಿ ಮಾಡಿ ಅಂದು ಊರಿಗೆ ಹೊರಟಿದ್ದಳು. ಆ ಫೋಟೋ ತೆಗೆಸಿದ್ದೇ ಅವಳ ನೆನಪಿಗೆ!

"ವಾಟ್ ನಾನ್‌ಸೆನ್ಸ್! ಗೌರಮ್ಮ ಏನು ಬ್ಯಾಕ್‌ಗ್ರೌಂಡಾ?" ಎಂದು ರೇಗಿದೆ.

"ಬಯ್ಬೇಡಿ ಅಮ್ಮಾ, ನಾನೇ ಒಂದೆಜ್ಜೆ ಇಂದಕ್ಕೆ ನಿಂತ್ಕಂಡೆ. ನಿಮ್ ಸಮಕ್ಕೆ ಎಂಗ್ ನಿಂತ್ಕಳ್ಳದು?" ಎಂದು ಗೌರಮ್ಮ ನಕ್ಕಳು.

ಹನ್ನೊಂದು ವರ್ಷವೂ ಅವಳನ್ನು ಅಲ್ಲೇ ನಿಲ್ಲಿಸಿದ್ದವಳು ನಾನು. ನನ್ನ ಮೇಲೇ ಬಂದ ಆ ಸಿಟ್ಟು ಇನ್ನೂ ಇಳಿದಿಲ್ಲ. ಅವಳು ಅವತ್ತೂ ಕೆಲಸದವರ ಲಿಫ್ಟನ್ನೇ ಹತ್ತಿದಳು. ಕೊನೆಯ ಸಲ ಅವಳನ್ನು ನೋಡಿದ್ದು ಅದರ ಬಾಗಿಲು ಮುಚ್ಚುವಾಗ.