ಗಡ್ಡದ ರಾಜನ ಅಂಗಿ

ಕನ್ನಡಕದ ಅಂಗಡಿಯವನು ಮೊದಲ ಸಲ ಮೆಟ್ಟಿಲು ಹತ್ತಿ ಬಂದ ದಿನ ಹೊಲಿಗೆಯಕ್ಕ ಕತ್ತರಿ ಒರೆಸುತ್ತ ಕೂತಿದ್ದಳು. ಗಂಡ ತೀರಿಕೊಂಡ ಮೇಲೆ ಹೊಲಿಗೆ ಅಂಗಡಿಯನ್ನು ಅವಳೇ ನಡೆಸುತ್ತಿದ್ದಳು. ಅಲ್ಲಿನ ಕತ್ತರಿ, ಇಸ್ತ್ರಿಪೆಟ್ಟಿಗೆ, ಮಿಷನ್ನಿನ ಚಕ್ರ, ಯಾವುದರಲ್ಲಿ ಬೇಕಾದರೂ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು.

"ಅಕ್ಕ, ಒಂದು ಅಂಗಿ ಹೊಲೀಬೇಕಿತ್ತು."

"ಯಾರಿಗೆ?"

"ರಾಜನಿಗೆ," ಎನ್ನುತ್ತ ಅವನು ಕರವಸ್ತ್ರ ಬಿಚ್ಚಿದ. ಒಳಗೊಂದು ದಪ್ಪ ಕಪ್ಪು ಬಿಲ್ಲೆ. ಅದರ ಮೇಲೆ ಕತ್ತಿಯನ್ನು ಹೆಗಲಿಗಿಟ್ಟುಕೊಂಡ ಗಡ್ಡದವನೊಬ್ಬ. ಯುರೋಪಿನ ಬೆಳ್ಳಿ ನಾಣ್ಯವಂತೆ, ಥಾಲರ್ ಎನ್ನುತ್ತಾರಂತೆ, ನಾನೂರು ವರ್ಷ ಹಳೆಯದಂತೆ.

"ಬೆಳ್ಳಿನಾ? ಒಲೆಯೊಳಗಿಂದ ತೆಗೆದಂಗಿದೆ. ಚೂರು ಪುಡಿ ಹಾಕಿ ತಿಕ್ಕಿದ್ರೆ..."

ಅವನು ನಾಣ್ಯವನ್ನು ಎದೆಗವಚಿಕೊಂಡ. "ತಿಕ್ಕೋ ಮಾತೇ ಆಡ್ಬೇಡಿ ಅಕ್ಕ! ಈ ಕಪ್ಪೇ ಅವನ ಚರ್ಮ. ಸುಲಿದ್ರೆ ಇನ್ನೇನು ಉಳೀತು?"

ಅವಳು ಟೇಪು ತೆಗೆದಳು. "ತೋಳು ಉದ್ದ ಇಡ್ಲಾ, ಗಿಡ್ಡ ಇಡ್ಲಾ?"

ಅವನು ನಗಲಿಲ್ಲ. "ತೋಳು ಬೇಡ. ಹೊಲಿಗೆ ಒಳಗೆ ತಾಗ್ಬಾರ್ದು, ಮೈ ಉಜ್ಜುತ್ತೆ." ಅವಳು ಮೆತ್ತನೆ ಹತ್ತಿಬಟ್ಟೆಯಲ್ಲಿ, ಹೊಲಿಗೆಯೆಲ್ಲ ಹೊರಮೈಗೆ ಬರುವಂತೆ, ಚೀಲ ಹೊಲಿದು ಹೇಳಿದ ಹೊತ್ತಿಗೆ ಕೊಟ್ಟಳು. ಹೇಳಿದ ಹೊತ್ತಿಗೆ ಕೊಡುವ ದರ್ಜಿ ಆ ಬೀದಿಗೆ ಅವಳೊಬ್ಬಳೇ.

ಆಮೇಲೆ ಮೂಗುದ್ದದ ರಾಜ ಬಂದ, ಎರಡು ತಲೆಯ ಹದ್ದು ಬಂತು, ಗಲ್ಲ ಊದಿದ ರಾಣಿ ಬಂದಳು. ಎಲ್ಲರಿಗೂ ಅಂಗಿಯಾಯಿತು.

"ನನ್ನ ರವಿಕೆ ಅಳತೆ ಇವರಿಗೆ ಇವತ್ತಿಗೂ ಗೊತ್ತಿಲ್ಲ," ಎಂದು ಅವನ ಹೆಂಡತಿ ಅಂಗಡಿಗೇ ಬಂದು ಮೂಗು ಮುರಿದಳು. "ರಾಜನ ಸುತ್ತಳತೆ ಮಾತ್ರ ಬಾಯಿಪಾಠ!"

ಒಂದು ದಿನ ಅವನು ಗಡ್ಡದ ರಾಜನ ಅಂಗಿ ಸವೆದಿದೆಯೆಂದು ರಾಜನನ್ನು ಹೊಲಿಗೆಯಕ್ಕನ ಬಳಿ ಬಿಟ್ಟುಹೋದ. ಮರುದಿನ ಅವನ ಮನೆಗೆ ಬೀಗರು ಬರುವವರಿದ್ದರು. ಗಂಡನ ಮರ್ಯಾದೆ ಉಳಿಸೋಣವೆಂದು ಹೆಂಡತಿ, ಪಾಪ, ನಾಣ್ಯದ ಪೆಟ್ಟಿಗೆ ತೆಗೆದು, ಇದ್ದ ರಾಜರಾಣಿಯರನ್ನೆಲ್ಲ ಪಾತ್ರೆ ಪುಡಿ ಹಾಕಿ ತಿಕ್ಕಿ, ಹೊಸ ಚಮಚಗಳ ಹಾಗೆ ಹೊಳೆಯಿಸಿ ತಟ್ಟೆಯಲ್ಲಿ ಜೋಡಿಸಿಟ್ಟಳು. ಬೀಗರು ಭೇಷ್ ಎಂದರು. ಅವನು ಎದ್ದು ಬಂದು ಹೊಲಿಗೆಯಕ್ಕನ ಸ್ಟೂಲಿನ ಮೇಲೆ ಕುಸಿದು ಕೂತ.

"ಇವನೊಬ್ಬನೇ ಉಳಿದ, ಅಕ್ಕ."

ಅಷ್ಟರಲ್ಲಿ ಹೆಂಡತಿಯೂ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಅಕ್ಕ, ಆ ಗಡ್ಡದವನು ನಿಮ್ಮತ್ರ ಇದಾನಾ? ಅವನೊಬ್ಬ ಕೊಳಕಾಗಿ ಉಳ್ಕೊಂಡಿದಾನೆ, ಕೊಡಿ."

ಹೊಲಿಗೆಯಕ್ಕ ತಲೆ ಎತ್ತದೆ ದಾರ ಪೋಣಿಸಿದಳು. ಹೊಲಿದ ಅಂಗಿಯೊಳಗೆ ರಾಜ ಅವಳ ಮೊಣಕಾಲ ಹತ್ತಿರದ ಡ್ರಾಯರಿನಲ್ಲೇ ಮಲಗಿದ್ದ. "ಅಂಗಿ ಇನ್ನೂ ಆಗಿಲ್ಲಮ್ಮ. ನಾಳೆ ಬಾ."

ಬೇರೆ ದರ್ಜಿಗಳು ದಿನಕ್ಕೆ ಹತ್ತು ಸಲ ಆಡುವ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಆ ನಾಳೆ ವರ್ಷಗಟ್ಟಲೆ ಎಳೆಯಿತು. ಹೆಂಡತಿ ಬೀದಿಯಲ್ಲಿ ಸಿಕ್ಕಾಗಲೆಲ್ಲ, "ಒಂದು ಚೀಲಕ್ಕೆ ಇಷ್ಟು ಕಾಲನಾ? ಕೈ ಜಡ್ಡಾಯ್ತಾ ಅಕ್ಕ?" ಎಂದು ಚುಚ್ಚುವಳು. ಹೊಲಿಗೆಯಕ್ಕ ನುಂಗಿಕೊಳ್ಳುವಳು. ಅವನು ಮಾತ್ರ ಆಗಾಗ ಬಂದು, ಡ್ರಾಯರನ್ನು ಬೆರಳಷ್ಟು ತೆರೆದು ಇಣುಕಿ, ಹಗುರಾಗಿ ಹೋಗುವನು. ಬರಬರುತ್ತ ಮೆಟ್ಟಿಲು ಹತ್ತಲಾಗದೆ ಅದೂ ನಿಂತಿತು.

ಅವನು ಹಾಸಿಗೆ ಹಿಡಿದಾಗ ಹೊಲಿಗೆಯಕ್ಕ ನೋಡಲು ಹೋದಳು. "ಅಂಗಿ ಆಯ್ತಾ ಅಂತ ಕೇಳ್ರೀ ನಿಮ್ಮ ಅಕ್ಕನ್ನ," ಎಂದು ಹೆಂಡತಿ ನಕ್ಕು ನೀರು ತರಲು ಒಳಗೆ ಹೋದಳು. ಅವನು ಹೊಲಿಗೆಯಕ್ಕನ ಕೈಚೀಲದಿಂದ ಇಣುಕುತ್ತಿದ್ದ ಕತ್ತರಿಯನ್ನೇ ನೋಡುತ್ತಿದ್ದ. ಅದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬೆರಳಾಡಿಸಿ ಅವಳನ್ನು ಹತ್ತಿರ ಕರೆದ.

"ನಿಜ ಹೇಳಿ ಅಕ್ಕ," ಎಂದ ಪಿಸುದನಿಯಲ್ಲಿ, "ನೀವು ರಾಜನ್ನ ತಿಕ್ಕಿಲ್ಲ ತಾನೇ?"