ಆಂಜೊಲಾನ ಅಪ್ಪ

ಮದುವೆಯಿರಲಿ, ಸಾವಿರಲಿ, ಮನೆತನದ ಹಿರಿಯರನ್ನೆಲ್ಲ ಹೆಸರು ಹಿಡಿದು ಕರೆದು ಹೊಗಳಿ ಹಾಡುವುದು ಅಲಾಕೆಗೆ ಅಜ್ಜಿಯಿಂದ ಬಂದ ಕಸುಬು. ಸೆನೆಟರ್ ಒಗುಂದೆಲೆಯ ಮನೆತನವನ್ನು ಹಾಡಿ ಹಾಡಿಯೇ ಅವಳ ಗಂಟಲು ಪಳಗಿತ್ತು. ಅಂಥ ಮನೆಯವನೇ ಅವಳ ಹೊಟ್ಟೆ ಉರಿಸಿದ.

ಮಗಳು ಮೊರೆನಿಕೆ ಅವನ ಪಕ್ಷದ ಕಚೇರಿಯಲ್ಲಿ ಕೆಲಸಕ್ಕಿದ್ದಾಗ ಅವನಿಂದಲೇ ಬಸುರಾದಳು. ಮಗು ಆಂಜೊಲಾ ಹೆಜ್ಜೆಯಿಡುವ ಹೊತ್ತಿಗೆ ಸುದ್ದಿ ಪತ್ರಿಕೆಗೆ ಬಿತ್ತು, ಚುನಾವಣೆಯೂ ಬಂತು. ಸೆನೆಟರ್ ರೇಡಿಯೋದಲ್ಲಿ, “ಆ ಹುಡುಗಿ ಯಾರೋ ನಂಗೊತ್ತಿಲ್ಲ” ಎಂದುಬಿಟ್ಟ. ಅಂದಿನಿಂದ ಸಂತೆಯಲ್ಲಿ ಮೆಣಸು ಮಾರುವ ಹೆಂಗಸರಿಗೆ ಮೊರೆನಿಕೆಯೇ ತಮಾಷೆ. “ಬಂದ್ಲು ನೋಡ್ರೇ, ಗಾಳಿಗೆ ಬಸುರಾದೋಳು!”

ಸೆನೆಟರನ ಪ್ರಚಾರ ನೋಡಿಕೊಳ್ಳುತ್ತಿದ್ದ ಲಾಸಿಸಿ ಒಂದು ದಿನ ಬಂದು ಅಲಾಕೆಯ ಮುಂದೆ ಉದ್ದಂಡ ಬಿದ್ದ.

“ಅವ್ವಾ, ಸಭೇಲಿ ನೀವೊಂದು ಹಾಡಿದ್ರೆ ಸಾಕು. ಹುಡುಗಿ ತಾಯೇ ಹೊಗಳಿದ್ಮೇಲೆ ಇನ್ಯಾರು ಬಾಯಿ ಬಿಡ್ತಾರೆ?”

ಎಂಥ ಮಾನಗೆಟ್ಟ ಬೇಡಿಕೆ! ಆದರೂ ಅಲಾಕೆ ಒಪ್ಪಿದಳು.

“ನಾಚ್ಕೆ ಆಗಲ್ವಾ ನಿಂಗೆ?” ಎಂದು ಮೊರೆನಿಕೆ ಅತ್ತಳು.

“ಸುಮ್ನಿರೇ. ಅವನೇ ಅಪ್ಪ ಅಂತ ಎಲ್ರ ಮುಂದೆ ಹೇಳೋಕೇ ಹೋಗ್ತಿರೋದು.”

“ಬೇಡವ್ವ. ಅಪ್ಪ ಯಾರಾದ್ರೂ ಆಗ್ಲಿ, ಮಗು ನನ್ನ ಹತ್ರ ಇದ್ರೆ ಸಾಕು ನಂಗೆ.”

ಅಲಾಕೆ ಕಿವಿಗೆ ಹಾಕಿಕೊಳ್ಳಲಿಲ್ಲ. ಹಟ ಬಂದರೆ ಅವಳು ದೇವರ ಮಾತೂ ಕೇಳುವವಳಲ್ಲ.

ಆ ಊರಿನಲ್ಲಿ ಮಕ್ಕಳಾದವರನ್ನು ಇಂಥವನ ಅಪ್ಪ, ಇಂಥವಳ ಅವ್ವ ಎಂದೇ ಕರೆಯುವುದು. ಸಭೆಯಲ್ಲಿ ಅಲಾಕೆ ಸೆನೆಟರನ ಅಜ್ಜ, ಮುತ್ತಜ್ಜರನ್ನೆಲ್ಲ ಹೊಗಳಿ, ಕೊನೆಗೆ ಅವನತ್ತ ಕೈಚಾಚಿ, “ಏಳಪ್ಪಾ, ಆಂಜೊಲಾನ ಅಪ್ಪ!” ಎಂದು ಕೂಗಿದಳು. ಹಾಡುವವಳು ಹೇಳಿದ ಮಾತನ್ನು ಅದೇ ಏರಿಳಿತದಲ್ಲಿ ಡೋಲಿನ ಮೇಲೆ ನುಡಿಸುವುದು ಡೋಲಿನವರ ಧರ್ಮ. ಅವರೂ ಅದನ್ನೇ ನುಡಿಸಿದರು. ಜನ ಸೆನೆಟರನತ್ತ ತಿರುಗಿದರು. ಅಲಾಕೆಗೆ ಜೀವ ತಣ್ಣಗಾಯಿತು.

ಸೆನೆಟರನ ಮುಖ ಒಂದು ಗಳಿಗೆ ಕಪ್ಪಿಟ್ಟಿತು. ಆಮೇಲೆ ನಕ್ಕ. ಪಾಕಡಾ ಮನುಷ್ಯ! ಮೈಕು ಹಿಡಿದು, “ತಪ್ಪಾಯ್ತು ನಂದು. ಅಜ್ಜೀನೇ ಹೇಳಿದ್ಮೇಲೆ ಮುಗೀತು. ನನ್ನ ಮಗ ನನ್ನ ಮನೇಗೆ ಬರ್ಲಿ!” ಎಂದ. ಜನ ಕುಣಿದುಬಿಟ್ಟರು.

ಮಾರನೆಯ ಬೆಳಿಗ್ಗೆ ಅವನ ಮನೆತನದ ಹಿರಿಯರು ಮಗುವನ್ನು ಕರೆದೊಯ್ಯಲು ಬಾಗಿಲಿಗೆ ಬಂದರು, ಜೊತೆಗೊಬ್ಬ ಮುದುಕಿ. ಅಪ್ಪ ಒಪ್ಪಿಕೊಂಡ ಮೇಲೆ ಮಗು ಅವನ ಮನೆಗೆ ಸೇರಿದ್ದು, ಅದು ಆ ಊರಿನ ಕಟ್ಟಳೆ. ಅಲ್ಲಿ ಎರಡು ಮಾತಿಲ್ಲ. ಇದು ಅಲಾಕೆಗೆ ಗೊತ್ತಿಲ್ಲದ್ದೇ? ಸಿಟ್ಟಿನಲ್ಲಿ ಮರೆತಿದ್ದಳು, ಅಷ್ಟೆ.

“ನೀನೇ ಹೇಳವ್ವ, ಇವನು ಯಾರ ಮಗ?” ಎಂದಳು ಮೊರೆನಿಕೆ.



ಮೊರೆನಿಕೆ ತಾನೇ ಮಗುವನ್ನೆತ್ತಿ ಮುದುಕಿಯ ಬೆನ್ನಿಗೆ ಬಟ್ಟೆಯಿಂದ ಕಟ್ಟಿದಳು. ಗಂಟು ಸಡಿಲವಾಯಿತೆಂದು ಬಿಚ್ಚಿ ಮತ್ತೆ ಬಿಗಿದಳು.

ಚುನಾವಣೆ ಮುಗಿಯುವವರೆಗೂ ಆಂಜೊಲಾ ಸೆನೆಟರನ ಹೆಗಲ ಮೇಲೆ ಊರೂರು ಸುತ್ತಿದ. ಸೆನೆಟರ್ ಗೆದ್ದ. ಆಮೇಲೆ ಮಗುವನ್ನು ಯಾವ ಊರಿಗೆ ಕಳಿಸಿದರೆಂದು ತಾಯಿಗೆ ಯಾರೂ ಹೇಳಲಿಲ್ಲ.